ಪೀಟರ್‌ಗೆ ನಿಲ್ಲಿಸಿದ ಔಷಧಿ

1998ರ ಮಾತು. ಧಾರವಾಡ ಬಿಟ್ಟು ಲಂಡನ್ನಿಗೆ ಬಂದು ಆರು ವರ್ಷವಾಗಿತ್ತು. ಗ್ರೀನ್‌ಫರ್ಡ್‌ನ ಒಂದು ಕೆಮಿಸ್ಟ್ ಅಂಗಡಿಯಲ್ಲಿ ಡಾಕ್ಟರ ಚೀಟಿ ನೋಡಿ ಔಷಧಿ ಕೊಡುವ ಕೆಲಸ ನನ್ನದು.

ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಪೀಟರ್ ಬರುತ್ತಿದ್ದ. ನಲವತ್ತರ ಆಸುಪಾಸಿನ ಎಲೆಕ್ಟ್ರಿಷಿಯನ್. ಹರೆಯದಲ್ಲೇ ಹೆರಾಯಿನ್ ಚಟಕ್ಕೆ ಬಿದ್ದವನು. ಅವನ ಚೀಟಿಯಲ್ಲಿ ಡಾಕ್ಟರು ಬರೆಯುತ್ತಿದ್ದುದೂ ಹೆರಾಯಿನ್ನೇ. ಚಟ ಬಿಡಲಾಗದವರು ಬೀದಿಯ ಕಲಬೆರಕೆ ಮಾಲಿಗೆ ಹೋಗದಿರಲೆಂದು ಹಾಗೆ ಬರೆಯಲು ಲೈಸೆನ್ಸ್ ಪಡೆದ ಕೆಲವೇ ಡಾಕ್ಟರುಗಳು ಈ ದೇಶದಲ್ಲಿದ್ದರು. ಮೊದಲ ದಿನ ಇಂಜೆಕ್ಷನ್ನಿನ ಆ ಗಾಜಿನ ಆಂಪೂಲ್‌ಗಳನ್ನು ಕೊಡುವಾಗ ಅವನ ಮುಖ ನೋಡಲೂ ನನಗೆ ಮನಸ್ಸಾಗಿರಲಿಲ್ಲ.

ಅವನಿಗದು ಗೊತ್ತಾಗಿತ್ತು. ಕೆಲವು ತಿಂಗಳ ನಂತರ ತಾನಾಗಿಯೇ ಹೇಳಿದ: "ಮೊದಲು ಕಾರಿನ ರೇಡಿಯೋ ಕದ್ದು ಮಾರುತ್ತಿದ್ದೆ, ಮಿಸೆಸ್ ಕುಲಕರ್ಣಿ. ಹೆರಾಯಿನ್ ಬದಲಿಗೆ ಕುಡಿಯುವ ಮೆಥಡೋನ್ ಕೊಟ್ಟು ನೋಡಿದರು, ಎರಡು ಸಲವೂ ಬೀದಿ ಮಾಲಿಗೇ ಹೋದೆ. ಇದು ಶುರುವಾದ ಮೇಲೆ ಒಂದು ದಿನವೂ ಕೆಲಸ ತಪ್ಪಿಸಿಲ್ಲ."

ಮರುವರ್ಷ ಅವನ ಡಾಕ್ಟರು ನಿವೃತ್ತರಾದರು. ಕ್ಲಿನಿಕ್ಕಿಗೆ ಬಂದ ಹೊಸಬರು ಹೆರಾಯಿನ್ ಬರೆಯುವುದು ತಪ್ಪು ಎಂದು ನಂಬಿದವರು. ಪೀಟರ್‌ಗೆ ಮತ್ತೆ ಮೆಥಡೋನ್ ಎಂಬ ಆ ಹಸಿರು ದ್ರವವನ್ನೇ ಬರೆದರು. ಎರಡೇ ವಾರದಲ್ಲಿ ಅವನ ಮುಖ ಬೂದಿಯಂತಾಯಿತು. ಬೆವರುತ್ತ, ಆಕಳಿಸುತ್ತ ನಿಂತಿರುತ್ತಿದ್ದ.

ಒಂದು ದಿನ ತಡೆಯಲಾರದೆ ಕ್ಲಿನಿಕ್ಕಿಗೆ ಫೋನ್ ಮಾಡಿದೆ. "ಇದು ಅವರಿಗೆ ಹಿಡಿಸುತ್ತಿಲ್ಲ. ಮೊದಲಿನದೇ ಕೊಡಲಾಗದೆ?" ಎಂದು ಕೇಳಿದೆ.

"ನಮ್ಮ ಪಾಲಿಸಿ ಬದಲಾಗಿದೆ," ಎಂದಳು ಆ ಕಡೆಯ ಹೆಂಗಸು. "ಇದರಲ್ಲಿ ನೀವು ತಲೆಹಾಕುವಂಥದ್ದು ಏನೂ ಇಲ್ಲ."

ನಾನು ಥ್ಯಾಂಕ್ ಯೂ ಎಂದು ಫೋನ್ ಇಟ್ಟೆ. ಸಂಜೆ ಮನೆಯಲ್ಲಿ ಹೇಳಿದರೆ ನಮ್ಮ ಮನೆಯವರು, "ನಿನಗ್ಯಾಕ ಬೇಕು ಊರ ಉಸಾಬರಿ? ನೌಕರಿ ಕಳಕೊಂಡೀ," ಎಂದರು. ಮತ್ತೆ ಫೋನ್ ಮಾಡಲಿಲ್ಲ.

ತಿಂಗಳು ಕಳೆಯುವುದರೊಳಗೆ ಪೀಟರ್ ಬರುವುದು ನಿಂತಿತು. ಒಂದು ಮಧ್ಯಾಹ್ನ ಅವನ ಹೆಂಡತಿ ಕ್ಯಾರನ್ ಬಂದು ಕೌಂಟರ್ ಮೇಲೆ ಪ್ಲಾಸ್ಟಿಕ್ ಚೀಲ ಇಟ್ಟಳು. ಒಳಗೆ ಬಿರಡೆ ತೆರೆಯದ ಎರಡು ಮೆಥಡೋನ್ ಬಾಟಲಿ.

"ಉಳಿದ ಔಷಧಿ ವಾಪಸ್ ಕೊಡಬೇಕಂತಲ್ಲ," ಎಂದಳು. "ಬೀದಿಯಲ್ಲಿ ಕೊಂಡು ಚುಚ್ಚಿಕೊಂಡ. ಅದರಲ್ಲಿ ಏನು ಬೆರೆಸಿದ್ದರೋ. ಸ್ನಾನದ ಕೋಣೆಯ ಬಾಗಿಲು ಒಡೆದು ಹೊರಗೆ ತೆಗೆದೆವು."

ಅವಳು ಹೋದ ಮೇಲೆ ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಕೈ ಗುದ್ದಿಕೊಂಡೆ. ಕ್ಲಿನಿಕ್ಕಿನ ಮೇಲೆ ಎಷ್ಟು ಸಿಟ್ಟಿತ್ತೋ, ಅಂದು ಥ್ಯಾಂಕ್ ಯೂ ಎಂದ ನನ್ನ ನಾಲಿಗೆಯ ಮೇಲೂ ಅಷ್ಟೇ ಸಿಟ್ಟಿತ್ತು.

ಕೆಲವು ವರ್ಷಗಳ ನಂತರ, ಇಂಥ ಚಟದವರಿಗೆ ನರ್ಸ್‌ಗಳ ಎದುರಲ್ಲೇ ಹೆರಾಯಿನ್ ಕೊಟ್ಟು ನೋಡುವ ಪ್ರಯೋಗದ ಸುದ್ದಿ ಟಿವಿಯಲ್ಲಿ ಬಂತು. ಆ ವಾರ ಕ್ವೀನ್ಸ್‌ಬರಿಯ ಸ್ನೇಹಿತರ ಮನೆಯಲ್ಲಿ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದೆವು. ಬೆಂಗಳೂರಿನ ಮೂರ್ತಿಯವರು ತಟ್ಟೆ ಹಿಡಿದುಕೊಂಡೇ, "ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಇವರಿಗೆ ವಿಷ ಕೊಡ್ತಾರಂತೆ. ಸಾಯೋರು ಸಾಯ್ಲಿ ಬಿಡ್ರೀ," ಎಂದರು. ಒಂದಿಬ್ಬರು ನಕ್ಕರು.

ನಾನು ಎದ್ದು ನಿಂತೆ. "ನಮ್ಮ ಅಂಗಡಿಗೆ ಬರತಿದ್ದ ಒಬ್ಬಾಂವ ಸತ್ತಾನ್ರೀ, ಮೂರ್ತಿಯವರ. ಡಾಕ್ಟರ್ ಕೊಡೋತನಕ ದುಡದು ಉಂಡ, ನಿಮ್ಮಂಗ ಟ್ಯಾಕ್ಸೂ ಕಟ್ಟಿದ. ಕೊಡೂದು ನಿಲ್ಲಿಸಿದ್ರು, ಸತ್ತ. ಅವನ ಹೇಣ್ತಿ ಮುಂದ ನಿಂತು ಈ ಮಾತು ಆಡ್ರಿ, ನೋಡೋಣ."

ಮನೆಯವರು ಕೈ ಹಿಡಿದು ಕೂರಿಸಲು ನೋಡಿದರು. ನಾನು ಕೂರಲಿಲ್ಲ.

ಹಿರಿಯರಿಗೆ ಹಾಗೆ ಎದುರು ಮಾತಾಡಿದ್ದಕ್ಕೆ ಕ್ಷಮೆ ಕೇಳಬೇಕೆಂದು ಆಮೇಲೆ ಹಲವರು ಹೇಳಿದರು. ಇವತ್ತಿನವರೆಗೂ ಕೇಳಿಲ್ಲ. ಕೇಳುವುದೂ ಇಲ್ಲ.