ಪಾಗ್ಮಾ ಹೇಳಿದ ಹತ್ತಿರ

ಪಾಗ್ಮಾಳನ್ನು ಎಲ್ಲಿಯ ದಾರಿ ಕೇಳಿದರೂ ಉತ್ತರ ಒಂದೇ: "ಇಲ್ಲೇ, ಹತ್ತಿರ." ನೀರಿನ ಊಟೆಯೂ ಹತ್ತಿರ, ಕಣಿವೆಯಾಚೆಯ ಸರೋವರವೂ ಹತ್ತಿರ. ಇದು ಅವಳೊಬ್ಬಳ ಚಾಳಿಯಲ್ಲ. ಮಂಗೋಲಿಯಾದ ಪಶ್ಚಿಮದ ಆ ಬೆಟ್ಟಸೀಮೆಯಲ್ಲಿ ಹೊರಟು ನಿಂತವರಿಗೆ 'ದೂರ' ಎನ್ನುವುದು ಅಪಶಕುನ. ಆದರೆ ಪಾಗ್ಮಾ ಹೇಳುವಷ್ಟು ಅಕ್ಕರೆಯಿಂದ ಬೇರೆ ಯಾರೂ ಹೇಳುತ್ತಿರಲಿಲ್ಲ. ಮದುವೆಯಾಗಿ ಬರುವಾಗ ಗಂಡ "ಇಗೋ ಬಂತು, ಇಗೋ ಬಂತು" ಎನ್ನುತ್ತಲೇ ಅವಳನ್ನು ಮೂರು ದಿನ ಕುದುರೆಯ ಮೇಲೆ ಕೂರಿಸಿದ್ದನಂತೆ.

"ಮೊದಲೇ ನಿಜ ಹೇಳಿದ್ರೆ ಅರ್ಧ ದಾರೀಲಿ ಅಪ್ಪನ ಮನೆಗೆ ಓಡಿಬಿಡ್ತಿದ್ದೆ. ನನಗೆ ನಾಲ್ಕು ಮಕ್ಕಳಾಗಿದ್ದು ಆ ಸುಳ್ಳಿನ ಪುಣ್ಯದಿಂದ!" ಎಂದು ಈಗಲೂ ನಗುತ್ತಾಳೆ. ಗಂಡ ತೀರಿಕೊಂಡ ಮೇಲೆ ಕುರಿ ಸಾಕಣೆಯ ಜೊತೆಗೆ ಇನ್ನೊಂದು ಉಣ್ಣೆಯ ಗುಡಾರ ಹಾಕಿ, ಊರೂರು ಸುತ್ತುವವರಿಗೆ ತಂಗಲು ಜಾಗ ಕೊಡುತ್ತಾ ಬಂದಿದ್ದಾಳೆ.

ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಬಂದವರ ಭಾಷೆ ಇವಳಿಗೆ ಬಾರದು, ಇವಳದು ಅವರಿಗೆ ಬಾರದು. ಅದಕ್ಕೇ ಪ್ರವಾಸಿ ಸಂಘದ ಅನುಜಿನ್ ಎಂಬ ಹುಡುಗಿ ಅಂಗೈಯಗಲದ ಪೆಟ್ಟಿಗೆಯೊಂದನ್ನು ತಂದಳು. ಇಂಟರ್ನೆಟ್ಟಿನ ಹಂಗಿಲ್ಲದೆ ಅದು ಹತ್ತಾರು ಭಾಷೆಗಳಲ್ಲಿ ಮಾತಾಡುತ್ತಿತ್ತು, ಕೇಳಿದ್ದಕ್ಕೆ ತಾನೇ ಯೋಚಿಸಿ ಉತ್ತರ ಕೊಡುತ್ತಿತ್ತು. ಈ ಸೀಮೆಯ ಸಂಗತಿಯನ್ನು ಅದಕ್ಕೆ ಕಲಿಸಲೆಂದು ಅನುಜಿನ್ ಪಾಗ್ಮಾಳ ಒಲೆಯ ಮುಂದೆ ಕೂತಳು.

"ಅಜ್ಜಿ, ಸರೋವರ ಎಷ್ಟು ದೂರ?"

"ಹತ್ತಿರ, ಮಗಳೇ."

"ನಡ್ಕೊಂಡು ಹೋಗಬಹುದಾ?"

"ಯಾಕಾಗಲ್ಲ? ದೇವರು ಕಾಲು ಕೊಟ್ಟಿಲ್ವಾ?"

ಸುತ್ತಲಿನ ಗುಡಾರಗಳಲ್ಲೂ ಅದೇ ಉತ್ತರ ಸಿಕ್ಕಿತು. ಪೆಟ್ಟಿಗೆಯ ಹೊಟ್ಟೆಯಲ್ಲಿ ನಕ್ಷೆ ಇತ್ತು. ಆದರೆ ನಕ್ಷೆಗಿಂತ ಅಲ್ಲಿಯವರ ಮಾತನ್ನೇ ಹೆಚ್ಚು ನಂಬು ಎಂದು ಪಟ್ಟಣದ ಆ ಹುಡುಗಿ ಅದಕ್ಕೆ ಹೇಳಿಕೊಟ್ಟಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿಕೊಟ್ಟಿದ್ದಳು, ಪಾಪ.

ಚಳಿ ಕಾಲಿಡುವ ಹೊತ್ತಿಗೆ ಕೊರಿಯಾದಿಂದ ಹಾನ್ ಎಂಬವರೂ ಅವರ ಹೆಂಡತಿ ಓಕ್ಸುನ್ ಎಂಬವಳೂ ಬಂದು ಇಳಿದುಕೊಂಡರು. ಇಬ್ಬರಿಗೂ ಅರವತ್ತು ದಾಟಿತ್ತು. ಓಕ್ಸುನ್‌ಗೆ ಕುದುರೆ ಕಂಡರೆ ಜೀವ ಹಾರಿಹೋಗುವಷ್ಟು ಭಯ. ಮರುದಿನ ಬೆಳಗ್ಗೆ ಪಾಗ್ಮಾ ತಪ್ಪಿಸಿಕೊಂಡ ಕುರಿಗಳನ್ನು ಹುಡುಕಲು ಹೋಗಿದ್ದಳು. ಮಧ್ಯಾಹ್ನ ಕಳೆದು ಮರಳಿ ಬಂದಾಗ ಅತಿಥಿಗಳ ಗುಡಾರ ಖಾಲಿ. ಅಲ್ಲಿಟ್ಟಿದ್ದ ಪೆಟ್ಟಿಗೆಯೂ ಇರಲಿಲ್ಲ. ಸರೋವರದ ಕಡೆಗೆ ಎರಡು ಜೊತೆ ಬೂಟಿನ ಹೆಜ್ಜೆ ಮೂಡಿದ್ದವು.

ಪೆಟ್ಟಿಗೆ ಅವರಿಗೆ ಏನು ಹೇಳಿರಬಹುದೆಂದು ಅವಳಿಗೆ ತಟ್ಟನೆ ಹೊಳೆಯಿತು. ಅದು ಅವಳದೇ ಮಾತಲ್ಲವೇ? ಆ ಸರೋವರಕ್ಕೆ ಕುದುರೆಯ ಮೇಲೆ ಹೋದರೂ ಒಂದು ಹಗಲು ಬೇಕು. ರಾತ್ರಿಯ ಚಳಿಗೆ ಬಯಲಲ್ಲಿ ಸಿಕ್ಕಿದವರು ಬದುಕುವುದಿಲ್ಲ. ಕುರಿಯ ತುಪ್ಪಳದ ಕೋಟೊಂದನ್ನು ಜೀನಿಗೆ ಬಿಗಿದು ಕುದುರೆ ಹತ್ತಿದಳು.

ದಾರಿಯುದ್ದಕ್ಕೂ ಅವಳಿಗೆ ಮಗ ತೊಮೊರ್‌ನ ನೆನಪು. ಎಳೆಯವನಿದ್ದಾಗ ಅವನಿಗೆ ಜ್ವರ ಏರಿ ಕಣ್ಣು ಮೇಲೆ ಮಾಡಿದಾಗ ಎದೆಗೆ ಕಟ್ಟಿಕೊಂಡು ಹಿಮದಲ್ಲಿ ಆಸ್ಪತ್ರೆಗೆ ಹೊರಟಿದ್ದಳು. ಪ್ರತಿ ಗುಡಾರದವರೂ ಬಿಸಿ ಚಹಾ ಕೊಟ್ಟು, "ಹತ್ತಿರ ಬಂದ್ಬಿಟ್ಟೆ, ನಡಿಯಮ್ಮ" ಎಂದಿದ್ದರು. ಒಬ್ಬರಾದರೂ ದೂರ ಎಂದಿದ್ದರೆ ಅಲ್ಲೇ ಕುಸಿಯುತ್ತಿದ್ದಳು. ಮಗ ಉಳಿದ. ಅಂದು ಮಗನನ್ನು ಉಳಿಸಿಕೊಟ್ಟ ಮಾತೇ ಇಂದು ಎರಡು ಜೀವಕ್ಕೆ ಕುತ್ತಾಗಿದೆಯಲ್ಲ ಎಂದುಕೊಳ್ಳುತ್ತಾ ಕುದುರೆಯನ್ನು ಇನ್ನಷ್ಟು ಜೋರಾಗಿ ಓಡಿಸಿದಳು.

ಹೊತ್ತು ಮುಳುಗುವಾಗ ಬಂಡೆಯೊಂದರ ಮರೆಯಲ್ಲಿ ಅವರು ಸಿಕ್ಕಿದರು. ಓಕ್ಸುನ್ ಬೂಟು ಬಿಚ್ಚಿ ಊದಿದ ಪಾದ ಹಿಡಿದು ಕೂತಿದ್ದಳು. ಹಾನ್ ತಮ್ಮ ಕೋಟನ್ನೂ ಅವಳಿಗೇ ಹೊದಿಸಿ ತಾವು ನಡುಗುತ್ತಿದ್ದರು. ಪಾಗ್ಮಾ ತಾನು ತಂದ ತುಪ್ಪಳದ ಕೋಟನ್ನು ಅವರಿಗೆ ಹಾಕಿದಳು.

"ನಿಮ್ಮ ಮನೆ ಇಲ್ಲಿಂದ ಎಷ್ಟು ದೂರ?" ಹಾನ್ ಕೇಳಿದ್ದನ್ನು ಪೆಟ್ಟಿಗೆ ಅವಳಿಗೆ ಹೇಳಿತು.

ಪಾಗ್ಮಾಳ ನಾಲಿಗೆ ತಡವರಿಸಿತು. "ದೂರ," ಎಂದಳು. "ತುಂಬಾ ದೂರ. ಆದ್ರೆ ಕುರಿ ಕಾಯೋ ನಮ್ಮ ಚೊಯ್ಜಿಲ್ ಮನೆ ಈ ದಿಬ್ಬದ ಹಿಂದೇನೇ ಇದೆ. ಹತ್ತಿರ. ಕುದುರೆ ಹತ್ತೋದು ಬೇಡ, ನನ್ನ ಹಿಡ್ಕೊಂಡು ನಡೀರಿ."

ಪೆಟ್ಟಿಗೆ ಅದನ್ನು ಕೊರಿಯನ್ನಿನಲ್ಲಿ ಹೇಳಿದ್ದೇ ತಡ, ಓಕ್ಸುನ್ ಮುಖ ತಿರುಗಿಸಿದಳು.

"ಬೆಳಗ್ಗಿಂದ ಹತ್ತಿರ, ಹತ್ತಿರ ಅಂತ ಹೇಳಿ ಹೇಳೇ ಇಲ್ಲಿಗೆ ತಂದು ಹಾಕಿದೆ ಈ ಪೆಟ್ಟಿಗೆ. ನಾನು ಏಳಲ್ಲ. ಸತ್ರೆ ಇಲ್ಲೇ ಸಾಯ್ತೀನಿ."

ಗಾಳಿ ಹರಿತವಾಗುತ್ತಿತ್ತು. ಜೀವಮಾನವಿಡೀ ಪ್ರೀತಿಯಿಂದ ಹೇಳಿಕೊಂಡು ಬಂದ ಮಾತು ಈಗ ನಿಜವಾಗಿದ್ದರೂ ಯಾರಿಗೂ ಬೇಡವಾಗಿತ್ತು. ಪಾಗ್ಮಾ ಪೆಟ್ಟಿಗೆಯ ಬಾಯಿ ಮುಚ್ಚಿಸಿ ನಿಲುವಂಗಿಯೊಳಗೆ ತುರುಕಿದಳು. ಕಿವಿಗೆ ಕೈ ಹಚ್ಚಿ, ಕೇಳು ಎಂಬಂತೆ ಓಕ್ಸುನ್‌ಗೆ ಸನ್ನೆ ಮಾಡಿದಳು. ಆಮೇಲೆ ದಿಬ್ಬದ ಕಡೆ ತಿರುಗಿ, ಆ ಸೀಮೆಯವರು ಯಾರದೇ ಮನೆಗೆ ಹೋದರೂ ದೂರದಿಂದಲೇ ಕೂಗುವ ಹಾಗೆ ಕೊರಳೆತ್ತಿ ಕೂಗಿದಳು:

"ನಾಯಿ ಹಿಡ್ಕೊಳ್ರೋ!"

ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಅವಳು ಮತ್ತೆ ಕೂಗಿದಳು. ದಿಬ್ಬದ ಹಿಂದಿನಿಂದ ನಾಯಿಯೊಂದು ಬೊಗಳಿತು. ಅದರ ಬೆನ್ನಿಗೇ ಇನ್ನೊಂದು. ಆಮೇಲೆ ನಾಯಿಗಳನ್ನು ಗದರುವ ಗಂಡಸಿನ ದನಿಯೂ ಕೇಳಿಸಿತು.

ಓಕ್ಸುನ್ ತಲೆಯೆತ್ತಿ ಆ ಕಡೆ ನೋಡಿದಳು. ಮೆಲ್ಲಗೆ ಬೂಟಿನತ್ತ ಕೈ ಚಾಚಿದಳು. ಪಾಗ್ಮಾ ಮಂಡಿಯೂರಿ ಊದಿದ ಆ ಪಾದಕ್ಕೆ ಬೂಟು ತೊಡಿಸುತ್ತಾ, "ತಪ್ಪು ಪೆಟ್ಟಿಗೇದಲ್ಲ ತಾಯಿ, ನಂದು," ಎನ್ನುತ್ತಾ ಅತ್ತುಬಿಟ್ಟಳು. ಅದನ್ನು ಕೊರಿಯನ್ನಿಗೆ ತಿರುಗಿಸಿ ಹೇಳುವವರು ಯಾರೂ ಇರಲಿಲ್ಲ. ಓಕ್ಸುನ್ ಅವಳ ಹೆಗಲ ಮೇಲೆ ಕೈಯೂರಿ ಎದ್ದು ನಿಂತಳು.