ಚುರುಮುರಿ ಗಾಡಿಯ ತನಕ

ಕೋಡಿಯ ಐಸ್ ಪ್ಲಾಂಟಿನಲ್ಲಿ ಮೀನಿನ ಪೆಟ್ಟಿಗೆಗೆ ಐಸ್ ತುಂಬುವ ಗೋಪಿಗೆ ಗಿಟಾರಿನ ಹುಚ್ಚು ಹೇಗೆ ಹಿಡಿಯಿತೋ, ದೇವರೇ ಬಲ್ಲ. ಮನೆಯಲ್ಲಿ ಬೈದರು, ಕೇರಿಯಲ್ಲಿ ನಕ್ಕರು. ಆಸಾಮಿ ಜಗ್ಗಲಿಲ್ಲ. ಪ್ರೇಮಾನಂದನ ಆರ್ಕೆಸ್ಟ್ರಾ ಸೇರಿ, ಬೈಂದೂರಿನಿಂದ ಬ್ರಹ್ಮಾವರದವರೆಗೆ ಹನ್ನೊಂದು ವರ್ಷ ಶಾಲೆ ಮೈದಾನಗಳಲ್ಲೆಲ್ಲ ಬಾರಿಸಿದ.

ಅವನ ಜೀವವೆಲ್ಲ ಇದ್ದದ್ದು ಕಾಲ ಬುಡದ ಒಂದು ಕರಿ ಪೆಟ್ಟಿಗೆಯಲ್ಲಿ. ಡಿಸ್ಟಾರ್ಷನ್ ಪೆಡಲ್. ಕಾಲಲ್ಲಿ ಅದುಮಿದರೆ ಸಾಕು, ಮೆತ್ತಗಿದ್ದ ಗಿಟಾರು ಗರ್ರೆಂದು ಅಬ್ಬರಿಸುತ್ತಿತ್ತು. ಆ ಅಬ್ಬರ ಹಿಂದಿನ ಸಾಲಿಗೆ ಮುಟ್ಟಿತೋ ಇಲ್ಲವೋ, ವೇದಿಕೆಯ ಮೇಲೆ ನಿಂತವನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಹೆಂಡತಿ ವಿನಯಾ ಇದ್ದಳು. ಪ್ರತಿ ಕಾರ್ಯಕ್ರಮಕ್ಕೂ ಬಂದು ಜನರೆಲ್ಲರ ಹಿಂದೆ, ಸೂರನ ಚುರುಮುರಿ ಗಾಡಿಯ ಪಕ್ಕ ನಿಲ್ಲುತ್ತಿದ್ದಳು. ಗೋಪಿ ಪೆಡಲ್ ಒತ್ತಿ ಅತ್ತ ನೋಡಿದರೆ ಅವಳ ಕೈ ಮೇಲೇಳುತ್ತಿತ್ತು. ಕೇಳಿಸಿತು ಎಂದು ಅರ್ಥ.

ಆ ವಿನಯಾ ೨೦೦೮ರ ಮಳೆಗಾಲದಲ್ಲಿ ಕಾಮಾಲೆಯಾಗಿ ಹೋಗಿಬಿಟ್ಟಳು. ಗೋಪಿ ಅಳಲಿಲ್ಲ. "ಕಲ್ಲ್ ಮನ್ಸ" ಎಂದರು ನೆಂಟರು. ನೆಂಟರ ಬಾಯಿಗೇನು, ಬೀಗ ಉಂಟೇ? ದಿನವಿಡೀ ಐಸ್ ಮುಟ್ಟಿದ ಕೈಗೆ ಬಿಸಿ ಚಾ ಲೋಟವೂ ತಿಳಿಯುವುದಿಲ್ಲವಲ್ಲ, ಅವನ ಒಳಗೂ ಹಾಗೇ ಆಗಿತ್ತು. ಉಂಡ, ಮಲಗಿದ, ಕೆಲಸಕ್ಕೆ ಹೋದ.

ಡಿಸೆಂಬರಿನಲ್ಲಿ ಪ್ರೇಮಾನಂದ ಬಂದವನು ಬಾಗಿಲಲ್ಲೇ ನಿಂತ.

"ಗೋಪಿ, ಬೇಜಾರ್ ಮಾಡ್ಬೇಡ. ಆ ಪೆಡಲ್ ಒತ್ತಿರೆ ಹಿಂದ್ ಕೂತವ್ರಿಗ್ ನಿನ್ ಗಿಟಾರ್ ಕೇಂತಿಲ್ಲೆ ಅಂತ್ರ್. ಈಗ ಕೀಬೋರ್ಡಂಗೇ ಗಿಟಾರ್ ಸೌಂಡ್ ಇತ್ತ್ ಮಾರಾಯ. ಬಸ್ರೂರ್ ಪ್ರೋಗ್ರಾಮ್ ಒಂದ್ ಕಾಂಬ. ಅಲ್ಲೂ ಕೇಣ್ದಿರೆ ನಾನ್ ಎಂತ ಮಾಡುದ್?"

ವಿನಯಾ ಕೇಳಿಸುತ್ತದೆ ಎಂದಿದ್ದಳಲ್ಲ, ಮತ್ತೆ ಇವರದ್ದೆಂತ ರಗಳೆ ಎನಿಸಿತು ಗೋಪಿಗೆ. "ಅಕ್ಕ್ ಪ್ರೇಮಣ್ಣ" ಎಂದು ಒಪ್ಪಿಕೊಂಡ, ಅಷ್ಟೇ. ಗಿಟಾರೂ ಕೈಬಿಟ್ಟು ಹೋದರೆ ಐಸಿನ ಹೊರತು ಅವನಿಗೆ ಬೇರೇನೂ ಉಳಿಯುತ್ತಿರಲಿಲ್ಲ. ಅದು ಗೊತ್ತಿದ್ದೂ ಹೆದರಿಕೆ ಹುಟ್ಟಲಿಲ್ಲ.

ಆದರೂ ಪ್ರೇಮಾನಂದನ ಮಾತಿಗೆಂದು ಉಡುಪಿಯ ಅಂಗಡಿಯಿಂದ ಹಳದಿ ಬಣ್ಣದ ಇನ್ನೊಂದು ಪೆಡಲ್ ತಂದ. ಬೇಡವಾದರೆ ನಾಲ್ಕು ದಿನದೊಳಗೆ ತಿರುಗಿ ಕೊಡಬಹುದಿತ್ತು. ಮನೆಯಲ್ಲಿ ಎರಡನ್ನೂ ಹಾಕಿ ನೋಡಿದ. ಕರಿಯದಕ್ಕೆ ಗೋಡೆ ನಡುಗಿತು. ಹಳದಿಯದು ನೆಗಡಿಯಾದವರು ಮಾತಾಡಿದ ಹಾಗೆ. ಥೂ, ಇದೂ ಒಂದು ಪೆಡಲ್ಲೇ! ಆದರೂ ಎರಡನ್ನೂ ಚೀಲಕ್ಕೆ ಹಾಕಿಕೊಂಡ.

ಬಸ್ರೂರಿನ ಮೈದಾನದಲ್ಲಿ ಸಂಜೆ ನಾಲ್ಕಕ್ಕೆ ಮೈಕ್ ಸೆಟ್ ಪರೀಕ್ಷೆ. ಗೋಪಿ ಕರಿ ಪೆಡಲ್ ಒತ್ತಿ, ರೂಢಿಯಂತೆ ಹಿಂದೆ ನೋಡಿದ. ಸೂರ ಗಾಡಿ ನಿಲ್ಲಿಸಿಕೊಂಡು ಈರುಳ್ಳಿ ಹೆಚ್ಚುತ್ತಿದ್ದ. ಪಕ್ಕದಲ್ಲಿ ಯಾರೂ ಇಲ್ಲ. ಕೈ ಎತ್ತುವವರಿಲ್ಲದ ಮೇಲೆ ತಾನೇ ಹೋಗಬೇಕಷ್ಟೆ. ಗಿಟಾರನ್ನು ಹಾಡುಗಾರ ರತನ್‌ನ ಕೊರಳಿಗೆ ಹಾಕಿ, ಬಾರಿಸುತ್ತಿರು ಎಂದು ಹೇಳಿ, ಮೈದಾನ ದಾಟಿ ಗಾಡಿಯ ಪಕ್ಕ ನಿಂತ.

ಡ್ರಮ್ಮು, ಕೀಬೋರ್ಡು ಎಲ್ಲ ಒಟ್ಟಿಗೆ ಶುರುವಾಯಿತು. ಗಿಟಾರೇ ಇಲ್ಲ. ಮನೆಯಲ್ಲಿ ಗೋಡೆ ನಡುಗಿಸಿದ ಅಬ್ಬರ ಡ್ರಮ್ಮಿನ ಗದ್ದಲದಲ್ಲಿ ಕಲಸಿಹೋಗಿ, ಅಡಿಯಲ್ಲೆಲ್ಲೋ ಸುಯ್ಯೆಂಬ ಸದ್ದು.

"ಸೂರಣ್ಣ, ಗಿಟಾರ್ ಕೇಂತಿತ್ತಾ?"

"ಇಲ್ಲಿಗ್ ಯಾವಾಗ್ಳ್ ಕೇಂಡಿತ್ ಮಾರಾಯ?" ಸೂರನ ಚೂರಿ ನಿಂತಿತು. "ವಿನಯಕ್ಕನ ಹತ್ರ ನಾನೇ ಹೇಳಿದ್ದೆ. 'ಅವ್ರಿಗ್ ಹೇಳ್ಬೇಡಿ ಸೂರಣ್ಣ, ಆ ಪೆಟ್ಗಿ ಅಂದ್ರೆ ಅವ್ರಿಗ್ ಜೀವ' ಅಂದಿದ್ರ್."

ಹನ್ನೊಂದು ವರ್ಷ! ಕೇಳದ ಗಿಟಾರಿಗೆ ಹನ್ನೊಂದು ವರ್ಷ ಕೈ ಎತ್ತಿದ್ದಳು!

"ಕಳ್ಳಿ!" ಎಂದ ಗೋಪಿ, ಗಟ್ಟಿಯಾಗಿ. ಅವನಿಗೆ ಸಿಟ್ಟು ಬಂದಿತ್ತು. ಅವಳು ಹೋದ ಮೇಲೆ ಅವನೊಳಗೆ ಏನಾದರೂ ಒಂದು ಬಂದದ್ದು ಅದೇ ಮೊದಲು.

ಕೈ ಸನ್ನೆ ಮಾಡಿ ಹಳದಿಯದನ್ನು ಹಾಕಿಸಿದ. ಆ ನೆಗಡಿ ದನಿ ಡ್ರಮ್ಮನ್ನೂ ಕೀಬೋರ್ಡನ್ನೂ ಸೀಳಿಕೊಂಡು ನೆಟ್ಟಗೆ ಗಾಡಿಯ ತನಕ ಬಂತು. ಸೂರ ತಲೆಯೆತ್ತಿ ನೋಡಿದ.

ಏಳು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಮೂರನೆಯ ಹಾಡಿಗೆ ಗೋಪಿ ಹಳದಿ ಪೆಡಲ್ ಒತ್ತಿದ. ಅವನ ಕಿವಿಗೆ ಅದು ಈಗಲೂ ಹಿಡಿಸಲಿಲ್ಲ. ಹಿಂದಿನ ಸಾಲಿನವರು ಶಿಳ್ಳೆ ಹಾಕಿದರು. "ಇದ್ ಕಾಣ್!" ಎಂದು ಪ್ರೇಮಾನಂದ ಬೆನ್ನು ತಟ್ಟಿದ. ಗೋಪಿ ತಡೆಯಲಾರದೆ ಗಾಡಿಯ ಕಡೆ ನೋಡಿದ. ಅವಳು ನಿಲ್ಲುತ್ತಿದ್ದ ಜಾಗಕ್ಕೆ ಅವನ ಗಿಟಾರು ಇವತ್ತು ಮೊದಲ ಸಲ ಹೋಗಿ ಮುಟ್ಟಿತ್ತು. ಕೇಳಲು ಅವಳಿರಲಿಲ್ಲ.

ಬಾರಿಸುತ್ತಿದ್ದ ಹಾಗೆಯೇ ಗೋಪಿ ಅಳತೊಡಗಿದ. ಹಾಡು ಮುಗಿಯಲು ಇನ್ನೂ ಎರಡು ಚರಣ ಬಾಕಿಯಿತ್ತು.