ಶಿವಗಂಗಾ ಹೊರಗೆ ಕುಳಿತ ಸಂಜೆ

ಬುರಾನುದ್ದೀನ ಮಾಸ್ತರರು ಜೇವರ್ಗಿ, ಅಫಜಲಪುರ, ಆಳಂದದ ಶಾಲೆಗಳಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ನಿವೃತ್ತರಾದ ಮರುವಾರವೇ ಆಳಂದದ ಹುಡುಗಿಯರ ಹಾಕಿ ತಂಡವನ್ನು ಮೈಮೇಲೆ ಎಳೆದುಕೊಂಡರು. "ಪಗಾರಿಲ್ಲದ ನೌಕರಿಗೆ ಇಷ್ಟು ಅವಸರವೇ?" ಎಂದು ಹೆಂಡತಿ ನಜಮುನ್ನಿಸಾ ನಗುತ್ತಿದ್ದರು, ಆದರೆ ಸಂಜೆಯ ಚಹಾವನ್ನು ಬೇಗನೆ ಕುದಿಸಿಡುತ್ತಿದ್ದವರೂ ಅವರೇ.

ಮಳೆಗಾಲದ ಪಂದ್ಯಗಳಿಗೆ ಮುನ್ನ ತಂಡವನ್ನು ಅಳೆಯಲು ಮಾಸ್ತರರದೊಂದು ಪದ್ಧತಿಯಿತ್ತು. ಚೆನ್ನಾಗಿ ಆಡುವವಳನ್ನು ಹೊರಗೆ ಕೂಡಿಸಿ, ಉಳಿದವರು ಏನು ಮಾಡುತ್ತಾರೆಂದು ನೋಡುವುದು. "ಒಂದು ಕಂಬ ತೆಗದರೂ ಮಾಳಗಿ ನಿಂತಿರಬೇಕು" ಎನ್ನುತ್ತಿದ್ದರು.

ಆ ಸಂಜೆ ಹೊರಗೆ ಕುಳಿತವಳು ಶಿವಗಂಗಾ. ಮೈದಾನದ ನಡುವೆ ನಿಂತು ಹಿಂದಿನವರನ್ನೂ ಮುಂದಿನವರನ್ನೂ ಹೊಲಿಯುವ ಜಾಗ ಅವಳದು. ಕಲಬುರಗಿಯ ಕ್ರೀಡಾ ಹಾಸ್ಟೆಲಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ತಾಯಿ ರೇವಮ್ಮ ಒಪ್ಪಿದ್ದರು. ಹುಡುಗಿ ಮಾತ್ರ, "ನಾ ಹೋದ್ರ ಟೀಮ್ ಗತಿ ಏನು? ಸರ್ ಹೂಂ ಅಂದ್ರ ಹೋಗ್ತೇನಿ, ಇಲ್ಲಂದ್ರ ಇಲ್ಲ" ಎಂದು ಪಟ್ಟು ಹಿಡಿದಿದ್ದಳು. ಅವಳಿಲ್ಲದೆ ತಂಡ ನಿಂತರೆ ಹೂಂ ಎನ್ನುವುದು ಸಲೀಸು ಎಂದುಕೊಂಡೇ ಮಾಸ್ತರರು ಹೈಸ್ಕೂಲಿನ ಹುಡುಗರನ್ನು ಎದುರಾಗಿ ಆಡಲು ಕರೆಸಿದ್ದರು.

ತಂಡ ನಿಲ್ಲಲಿಲ್ಲ. ಅವಳ ಜಾಗದಲ್ಲಿ ನಿಂತ ವಿಜಯಶ್ರೀ ಮುರುಮಿನ ಗಟ್ಟಿ ನೆಲದ ಮೇಲೆ ಪುಟಿಯುವ ಚೆಂಡಿನ ಹಿಂದೆ ಓಡಿದ್ದೇ ಬಂತು. ಮುಂದಾಳುಗಳಿಗೆ ಬದಲಿ ಇದ್ದರು, ಹಿಂದೆ ಕಾಯುವವರಿಗೂ ಇದ್ದರು, ಗೋಲಿಗೂ ಇನ್ನೊಬ್ಬಳಿದ್ದಳು. ನಡುವೆ ಮಾತ್ರ ಬಯಲು. ಶಿವಗಂಗಾ ಇದ್ದಾಳಲ್ಲ ಎಂಬ ಧೈರ್ಯದಲ್ಲಿ ಅಲ್ಲಿಗೆ ಯಾರನ್ನೂ ತಯಾರು ಮಾಡಿರಲಿಲ್ಲ.

"ನೋಡಿದ್ರಿಲ್ರೀ ಸರ್? ನಾಕ ಗೋಲು!" ಶಿವಗಂಗಾಳ ದನಿಯಲ್ಲಿ ಗೆದ್ದವರ ಹುರುಪಿತ್ತು. "ಈಗ ಹೆಂಗ ಹೋಗ್ಲಿ?"

"ನಾಕೇನು ಭಾಳ ಆಗ್ಲಿಲ್ಲ ಬಿಡು. ನೀ ಇಲ್ಲದಿದ್ರೂ ನಡೀತದ."

"ಸುಳ್ಳ ಹೇಳೂದು ನಿಮಗ ಬರಂಗಿಲ್ರಿ."

ಮಾಸ್ತರರು ನಕ್ಕುಬಿಟ್ಟರು. "ಹೌದವ್ವಾ, ಬರಂಗಿಲ್ಲ. ಆದ್ರ ಆ ಜಾಗ ತುಂಬೋದು ನನ್ನ ಕೆಲಸ, ನಿಂದಲ್ಲ. ನಿನ್ನ ಓಟಕ್ಕ ಈ ಮೈದಾನ ಸಣ್ಣದಾಗ್ಯದ. ಹೋಗು."

ಅವಳು ತಲೆ ತಗ್ಗಿಸಿ ಸ್ಟಿಕ್ಕಿನಿಂದ ನೆಲ ಕೆರೆದಳು. "ಅಂದ್ರ... ಹೂಂ ಅಂದ್ರೇನ್ರಿ?"

"ಹೂಂ ಅಂದೆ."

ಏದುಸಿರು ಬಿಡುತ್ತ ಬಂದ ವಿಜಯಶ್ರೀ, "ಇಕಿ ಹೋಗೂ ಮಟ ಇಕೀನೇ ಆಡ್ಲಿ ಸರ್, ನನ್ನ ಮಾನ ಉಳೀತದ" ಎಂದಳು.

"ಹೌದು, ಹಾಸ್ಟೆಲಿಗೆ ಹೋಗ್ಲಿಕ್ಕ ಇನ್ನೂ ಒಂದು ವಾರ ಅದ" ಎಂದು ಮಾಸ್ತರರು ಕೂಡಲೇ ಒಪ್ಪಿದರು.

"ಬ್ಯಾಡ್ರಿ ಸರ್" ಎಂದಳು ಶಿವಗಂಗಾ. "ನಾ ಆಡಿದ್ರ ಇಕಿ ಯಾವಾಗ ಕಲೀಬೇಕು? ಇವತ್ತಿಂದ ನಾ ಹೊರಗ." ಗೆಳತಿಯ ಬೆನ್ನಿಗೆ ಕೈಯಿಟ್ಟು ಒಳಗೆ ನೂಕಿದಳು. "ನಡೀ ಬೇ. ಬಾಲ್ ಹಿಂದ ಓಡಬ್ಯಾಡ. ಬರಾವನ ಕಾಲ ನೋಡ, ಎಲ್ಲಿ ಹೊಡೀತಾನ ಗೊತ್ತಾಗ್ತದ."

ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ಆ ಒಂದು ವಾರವಾದರೂ ಅವಳ ಆಟವನ್ನು ಕಣ್ತುಂಬ ನೋಡಿಕೊಳ್ಳಬೇಕೆಂದಿದ್ದ ಮಾಸ್ತರರು ಸೀಟಿ ಊದಿದರು. ಆಟ ಮತ್ತೆ ಶುರುವಾಯಿತು. ಅವರ ಕಣ್ಣು ಮಾತ್ರ ಗೆರೆಯ ಹೊರಗೇ ಇತ್ತು. ಅಲ್ಲಿ ಶಿವಗಂಗಾ ಚೆಂಡು ಹೋದತ್ತ ಓಡುತ್ತ, ಗಂಟಲು ಹರಿಯುವಂತೆ ಕೂಗಿ ಕೂಗಿ ವಿಜಯಶ್ರೀಯನ್ನು ಆಡಿಸುತ್ತಿದ್ದಳು.